42 ಡಿಗ್ರಿಗೆ ಮುಗಿಯುವ ಲೆಕ್ಕ

2018ರ ಏಪ್ರಿಲ್‌ನಲ್ಲಿ ಎಎಮ್‌ಡಿ ಕಂಪನಿ ರೈಜನ್ 7 2700ಎಕ್ಸ್ ಎಂಬ ಪ್ರೊಸೆಸರನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ವಿವರದಲ್ಲಿ 105 ವ್ಯಾಟ್ ಎಂದಿತ್ತು. ಚಿಪ್ ಅಷ್ಟು ವಿದ್ಯುತ್ ಎಳೆಯುತ್ತದೆ ಎಂದು ಕೊಂಡವರು ತಿಳಿದರು. ನಿಜಕ್ಕೂ ಅದೊಂದು ಭಾಗಾಕಾರದ ಉತ್ತರ. ಚಿಪ್ಪಿನ ಲೋಹದ ಮುಚ್ಚಳ ತಲುಪಬಹುದಾದ 61.8 ಡಿಗ್ರಿ ಸೆಲ್ಸಿಯಸ್‌ನಿಂದ, ಫ್ಯಾನ್ ಒಳಗೆಳೆದುಕೊಳ್ಳುವ ಗಾಳಿಯ 42 ಡಿಗ್ರಿಯನ್ನು ಕಳೆಯಬೇಕು. ಉಳಿದ 19.8ನ್ನು ಚಿಪ್ಪಿನ ಶಾಖ ಹೀರಿ ಹೊರಹಾಕುವ ಹೀಟ್‌ಸಿಂಕಿನ ಉಷ್ಣರೋಧವಾದ 0.189ರಿಂದ ಭಾಗಿಸಿದರೆ 104.8 ಬರುತ್ತದೆ. ಅದನ್ನು ದುಂಡು ಮಾಡಿ 105 ಎಂದರು.

ಮುಚ್ಚಳದ ಉಷ್ಣತೆ, ಹೀಟ್‌ಸಿಂಕಿನ ರೋಧ ಎರಡೂ ಕಂಪನಿಯ ಕೈಯಲ್ಲಿವೆ. ನಡುವಿನ 42 ಮಾತ್ರ ನಮ್ಮ ಮನೆಯ ಗಾಳಿಗೆ ಬಿಟ್ಟದ್ದು. ಅದು ಕೋಣೆಯ ಉಷ್ಣತೆಯೂ ಅಲ್ಲ. ಪೆಟ್ಟಿಗೆಯೊಳಗೆ, ಫ್ಯಾನಿನ ಬಾಯಲ್ಲಿ ಇರುವ ಗಾಳಿಯದು. ಗಾಳಿಯಾಡದ ಅಗ್ಗದ ಕ್ಯಾಬಿನೆಟ್ಟಿನಲ್ಲಿ ಕೆಲಸ ಜೋರಾದಾಗ ಒಳಗಿನ ಗಾಳಿ ಕೋಣೆಗಿಂತ ಎಂಟು ಹತ್ತು ಡಿಗ್ರಿ ಹೆಚ್ಚು ಬಿಸಿಯಾಗಿರುವುದು ಸಾಮಾನ್ಯ. ಅಂದರೆ ಕೋಣೆ 32 ಡಿಗ್ರಿ ದಾಟಿದ ಕೂಡಲೇ ಈ ಲೆಕ್ಕದ ಅಂಚಿಗೆ ಬಂದಂತಾಯಿತು. ಕೋಣೆ 40 ಮುಟ್ಟಿತು, ಒಳಗಿನ ಗಾಳಿ 50 ಆಯಿತು ಎನ್ನಿ. ಅದೇ ಸೂತ್ರಕ್ಕೆ 50 ಹಾಕಿದರೆ ಬರುವ ಉತ್ತರ 62 ವ್ಯಾಟ್. ಚಿಪ್ ಅದೇ, ಹೀಟ್‌ಸಿಂಕ್ ಅದೇ. ಹೊರಹಾಕಬಲ್ಲ ಶಾಖ ಮಾತ್ರ ನೂರಕ್ಕೆ ನಲವತ್ತರಷ್ಟು ಕುಸಿದಿದೆ.

ಇಂಟೆಲ್ ಕಂಪನಿಯ ಹಳೆಯ ಕ್ಯಾಬಿನೆಟ್ ಮಾರ್ಗಸೂಚಿ ಇನ್ನೂ ಬಿಗಿಯಾಗಿತ್ತು. ಕೋಣೆಯಲ್ಲಿ 35 ಡಿಗ್ರಿ ಇದ್ದಾಗ ಪ್ರೊಸೆಸರ್ ಫ್ಯಾನಿಗೆ ಸಿಗುವ ಗಾಳಿ 38 ಮೀರಬಾರದು ಎಂದು ಅದು ಹೇಳುತ್ತಿತ್ತು. ಇಂಥ ಲೆಕ್ಕಗಳನ್ನು ಹಾಕಿದವರ ಕಣ್ಣ ಮುಂದೆ ಪಾವಗಡದ ಏಪ್ರಿಲ್ ಇರಲಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬಿಟ್ಟರೆ ಹೊರಗಿನವರ ಕಿವಿಗೆ ಈ ಹೆಸರು ಬೀಳುವುದು ಅಪರೂಪ. ಇದು ಮಳೆನೆರಳಿನ ಸೀಮೆ. ಪಾವಗಡ, ಶಿರಾಗಳಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಕೊರಟಗೆರೆಯ ಸಿದ್ಧರಬೆಟ್ಟದ ತಪ್ಪಲಲ್ಲಿ ಒಂದಿಷ್ಟು ತಂಪು ಉಳಿದಿದೆ. ಮಧುಗಿರಿ ಪಟ್ಟಣ ಏಕಶಿಲಾ ಬೆಟ್ಟದ ಬುಡದಲ್ಲೇ ಕೂತಿದೆ. ಹಗಲಿಡೀ ಕಾದ ಬಂಡೆ ಹೊತ್ತು ಮುಳುಗಿದ ಮೇಲೂ ಬಿಸಿಯುಸಿರು ಬಿಡುತ್ತಿರುತ್ತದೆ. ಪಾವಗಡದ ಕಡೆ ಬೇಸಿಗೆಯ ಮಧ್ಯಾಹ್ನ 38, 40 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಶೀಟ್ ಹೊದಿಸಿದ ಕೋಣೆಯೊಳಗೆ ಹೊರಗಿನದಕ್ಕಿಂತ ಹೆಚ್ಚೇ ಇದ್ದೀತು.

ಈ ಊರುಗಳ ಮನೆಗಳಲ್ಲಿ ಈಗ ಅಸೆಂಬಲ್ ಮಾಡಿದ ಕಂಪ್ಯೂಟರ್‌ಗಳಿವೆ. ಕೊರೊನಾ ಕಾಲದ ಆನ್‌ಲೈನ್ ತರಗತಿಗೆಂದು ಬಂದವು ಕೆಲವು, ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರಿದ ಮಕ್ಕಳಿಗೆಂದು ಕೊಂಡವು ಕೆಲವು. ಮಗನೋ ಮಗಳೋ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು, ಯೂಟ್ಯೂಬ್ ನೋಡಿಕೊಂಡು ಕೂಡಿಸಿದ್ದು ಇನ್ನು ಕೆಲವು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್‌ನದಾದರೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಹಾಗಾಗಿ ಹಳೆಯ ಮದರ್‌ಬೋರ್ಡ್ ಕಿತ್ತು ಹೊಸದು ಕೂರಿಸುವ ಕೆಲಸವೂ ಹೆಚ್ಚುತ್ತದೆ. ಹೊಸ ಬೋರ್ಡು, ಹೊಸ ಚಿಪ್ಪು, ಆದರೆ ದುಡ್ಡು ಉಳಿಸಲೆಂದು ಅದೇ ಹಳೆಯ ಕ್ಯಾಬಿನೆಟ್ಟು, ಅದೇ ಹಳೆಯ ಪವರ್ ಸಪ್ಲೈ. ನನಗೆ ಆತಂಕ ಇರುವುದು ಈ ಜೋಡಣೆಯ ಬಗ್ಗೆ. ಮುಂಬರುವ ಬೇಸಿಗೆಗಳಲ್ಲಿ ಇವು ಒಟ್ಟಿಗೇ ಏದುಸಿರು ಬಿಡಲಿವೆ. ಏಕೆ ಹೀಗಾಗುತ್ತಿದೆ ಎಂಬುದು ಮನೆಯವರಿಗೆ ತಿಳಿಯುವುದೂ ಕಷ್ಟ.

ತಿಳಿಯದಿರಲು ಕಾರಣ ಚಿಪ್ಪಿನ ಜಾಣತನ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣದವರು ಒಂದು ಪ್ರಯೋಗ ಮಾಡಿ ಜಗತ್ತಿನ ಕಂಪ್ಯೂಟರ್ ಪ್ರಿಯರನ್ನೆಲ್ಲ ಬೆಚ್ಚಿಬೀಳಿಸಿದ್ದರು. ಓಡುತ್ತಿದ್ದ ಯಂತ್ರದ ಹೀಟ್‌ಸಿಂಕನ್ನೇ ಕಿತ್ತರು. ಅಂದಿನ ಎಎಮ್‌ಡಿ ಆಥ್ಲಾನ್ ಹೊಗೆಯುಗುಳಿ ಸತ್ತಿತು. ಪೆಂಟಿಯಂ 4 ಮಾತ್ರ ವೇಗ ತಗ್ಗಿಸಿಕೊಂಡು ತೆವಳುತ್ತ ಬದುಕಿತು. ಇಂದಿನ ಚಿಪ್‌ಗಳೆಲ್ಲ ಪೆಂಟಿಯಂ 4 ತೋರಿದ ದಾರಿಯಲ್ಲೇ ನಡೆಯುತ್ತವೆ. ಒಳಗೇ ಇರುವ ಉಷ್ಣಮಾಪಕ ಮಿತಿಯನ್ನು ಮುಟ್ಟಿದೊಡನೆ, ಉರಿ ಬಿಸಿಲಲ್ಲಿ ಉಳುವ ಎತ್ತು ತಾನಾಗಿ ಹೆಜ್ಜೆ ಸಣ್ಣದು ಮಾಡುವಂತೆ, ಗಡಿಯಾರದ ವೇಗವನ್ನು ಇಳಿಸಿಕೊಳ್ಳುತ್ತವೆ. ಇಂಟೆಲ್ ಕೋರ್ ಐ5-12400ಕ್ಕೆ ಈ ಮಿತಿ 100 ಡಿಗ್ರಿ, ರೈಜನ್ 5 5600ಕ್ಕೆ 90. ಅದನ್ನೂ ಮೀರಿ ಏರಿತೋ, ಯಂತ್ರ ಫಕ್ಕನೆ ಆಫ್.

ಸುಡುವುದಿಲ್ಲ ಎಂದ ಮೇಲೆ ಅಪಾಯವೇನು? ಮೊದಲನೆಯದು ತಪ್ಪು ರೋಗನಿರ್ಣಯ. ಮಧ್ಯಾಹ್ನ ಮೂರಕ್ಕೆ ಯಂತ್ರ ನಿಧಾನವಾಗುತ್ತದೆ, ಬೆಳಿಗ್ಗೆ ಸರಿಯಿರುತ್ತದೆ. ‘ಸ್ಲೋ ಆಗಿದೆ, ವೈರಸ್ ಇರಬೇಕು, ಫಾರ್ಮ್ಯಾಟ್ ಹೊಡೆಸಿ’ ಎನ್ನುತ್ತಾರೆ. ಫಾರ್ಮ್ಯಾಟ್ ಆಗುತ್ತದೆ, ಫೋಟೋ ಹೋಗುತ್ತವೆ, ಪ್ರಾಜೆಕ್ಟ್ ವರದಿ ಹೋಗುತ್ತದೆ. ಅಂಗಡಿಯಲ್ಲಿ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆರೆದಿಟ್ಟು, ಫ್ಯಾನಿನ ಕೆಳಗೆ ಪರೀಕ್ಷಿಸಿದ್ದರಿಂದ ಎಲ್ಲ ಸರಿಯಾದಂತೆ ಕಾಣುತ್ತದೆ. ಮನೆಗೆ ತಂದು ಮೇಜಿನ ಕೆಳಗಿನ ಗೂಡಿಗೆ ತಳ್ಳಿದರೆ ಮಾರನೆಯ ಮಧ್ಯಾಹ್ನ ಮತ್ತದೇ ಕಥೆ. ಸಿಇಟಿ ಅರ್ಜಿ ತುಂಬುವಾಗ, ಗ್ರಾಮ ಒನ್ ಕೇಂದ್ರದಲ್ಲಿ ಸಾಲುಗಟ್ಟಿ ಜನ ನಿಂತಿರುವಾಗ ಯಂತ್ರ ಆಫ್ ಆದರೆ ಅದರ ಬೆಲೆ ಚಿಪ್ಪಿನ ಬೆಲೆಗಿಂತ ದೊಡ್ಡದು.

ಎರಡನೆಯದು ಸವೆತ. ಇಲ್ಲಿ ಅರೇನಿಯಸ್ ಬರುತ್ತಾನೆ. ಸ್ವೀಡನ್ನಿನ ಸ್ವಾಂತೆ ಅರೇನಿಯಸ್ 1889ರಲ್ಲಿ, ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆಗಳು ಎಷ್ಟು ಪಟ್ಟು ಬೇಗ ನಡೆಯುತ್ತವೆ ಎಂಬುದಕ್ಕೆ ಒಂದು ಸಮೀಕರಣ ಕೊಟ್ಟ. ಏಳು ವರ್ಷಗಳ ನಂತರ, 1896ರಲ್ಲಿ, ವಾತಾವರಣದ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂದೂ ಕೈಯಲ್ಲೇ ಲೆಕ್ಕ ಹಾಕಿ ಪ್ರಕಟಿಸಿದ. ಅವನ ಎರಡೂ ಲೆಕ್ಕಗಳು ಶಿರಾದ ಯಾವುದೋ ಮನೆಯ ಮೇಜಿನ ಕೆಳಗೆ ಈಗ ಸೇರಿವೆ. ಎರಡನೆಯದು ಕೋಣೆಯನ್ನು ಕಾಯಿಸುತ್ತಿದೆ, ಮೊದಲನೆಯದು ಆ ಕಾವಿನಲ್ಲಿ ಬಿಡಿಭಾಗಗಳ ಆಯುಸ್ಸನ್ನು ಕತ್ತರಿಸುತ್ತಿದೆ.

ಕತ್ತರಿ ಮೊದಲು ಬೀಳುವುದು ಪ್ರೊಸೆಸರ್ ಮೇಲಲ್ಲ, ಪವರ್ ಸಪ್ಲೈಯೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಮೇಲೆ. ಅವುಗಳೊಳಗಿನ ದ್ರಾವಣ ನಿಧಾನವಾಗಿ ಆರುತ್ತದೆ. ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಈ ರಂಗದ ಎಂಜಿನಿಯರರು ಅರೇನಿಯಸ್‌ನಿಂದ ಕಲಿತ ಸ್ಥೂಲ ನಿಯಮ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುತ್ತದೆ ಎಂದು ಬರೆದ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ ಆರು ಗಂಟೆಯಂತೆ ಅದು ಹದಿನಾಲ್ಕು ವರ್ಷಕ್ಕೂ ಹೆಚ್ಚು. ಅದೇ 75 ಡಿಗ್ರಿಯಾದರೆ ಏಳು ವರ್ಷ ಚಿಲ್ಲರೆ. ಸಾಯುವ ಮೊದಲು ಅದು ವೋಲ್ಟೇಜನ್ನು ನಡುಗಿಸುತ್ತದೆ, ಕಾರಣವಿಲ್ಲದೆ ಯಂತ್ರ ರೀಸ್ಟಾರ್ಟ್ ಆಗುತ್ತದೆ. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡಿ ವೋಲ್ಟೇಜ್ 230ರಿಂದ 180ಕ್ಕೆ ಇಳಿಯಿತೆನ್ನಿ. ಅಷ್ಟೇ ಕೆಲಸಕ್ಕೆ ಪವರ್ ಸಪ್ಲೈ ಹೆಚ್ಚು ಕರೆಂಟ್ ಎಳೆಯಬೇಕು. ಅದರ ತಂತಿಗಳಲ್ಲಿ ಶಾಖವಾಗಿ ನಷ್ಟವಾಗುವ ಭಾಗ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರಿ ಒಂದೂವರೆ ಪಟ್ಟು ದಾಟಬಹುದು. ಯುಪಿಎಸ್ ಬ್ಯಾಟರಿಯ ಪಾಡೂ ಇದೇ. ಸೀಸದ ಬ್ಯಾಟರಿಯ ಆಯುಸ್ಸನ್ನು ಸಾಮಾನ್ಯವಾಗಿ 25 ಡಿಗ್ರಿಗೆ ಅಳೆದಿರುತ್ತಾರೆ.

ಪ್ರೊಸೆಸರಿನೊಳಗೂ ಸವೆತ ಇಲ್ಲದಿಲ್ಲ. ಸೂಕ್ಷ್ಮ ತಂತಿಗಳಲ್ಲಿ ಹರಿಯುವ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನೇ ತಳ್ಳಿಕೊಂಡು ಹೋಗುತ್ತವೆ. ಮೊಟೊರೊಲಾದ ಜೇಮ್ಸ್ ಬ್ಲ್ಯಾಕ್ 1960ರ ದಶಕದ ಕೊನೆಯಲ್ಲಿ ಇದಕ್ಕೆ ಸೂತ್ರ ಬರೆದ. ಅದರಲ್ಲೂ ಅರೇನಿಯಸ್‌ನ ಘಾತಾಂಕವೇ ಕೂತಿದೆ. ಸಾಮಾನ್ಯವಾಗಿ ಬಳಸುವ ಅಂಕಿಗಳನ್ನು ಹಾಕಿದರೆ 85ರಿಂದ 95 ಡಿಗ್ರಿಗೆ ಹೋಗುವಾಗ ಸವೆತ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ.

ಇದು ಕಾಗದದ ಮೇಲಿನ ಹೆದರಿಕೆ ಎನ್ನುವವರಿಗೆ ಹತ್ತಿರದ ಉದಾಹರಣೆ ಇದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಚಿಪ್‌ಗಳು ಒಂದೆರಡು ವರ್ಷದಲ್ಲೇ ತಪ್ಪು ಲೆಕ್ಕ ಮಾಡತೊಡಗಿದವು, ಆಟಗಳು ನಡುವೆಯೇ ಕುಸಿದವು. 2024ರ ಜುಲೈನಲ್ಲಿ ಕಂಪನಿ ಒಪ್ಪಿಕೊಂಡಿತು: ಮೈಕ್ರೋಕೋಡ್ ದೋಷದಿಂದ ಚಿಪ್ ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ. ಹೆಚ್ಚಿನ ವೋಲ್ಟೇಜ್ ಮತ್ತು ಉಷ್ಣತೆಯಲ್ಲಿ ಬೇಗ ಮುಪ್ಪಾಗುವ ಒಂದು ಗಡಿಯಾರ ಮಂಡಲವೇ ಇದರ ಮೂಲ ಎಂದು ಆಮೇಲೆ ಗುರುತಿಸಿತು. ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಎಂಬ ತಿದ್ದುಪಡಿಗಳು ಮದರ್‌ಬೋರ್ಡಿನ ಬಯಾಸ್ ತಂತ್ರಾಂಶದ ಅಪ್‌ಡೇಟ್ ಮೂಲಕ ಬಂದವು, ವಾರಂಟಿ ಎರಡು ವರ್ಷ ಉದ್ದವಾಯಿತು. ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುತ್ತದೆ, ಆಗಿಹೋದದ್ದನ್ನು ವಾಪಸು ತರಲಾರದು. ಈ ತಲೆಮಾರಿನ ಯಂತ್ರ ಮನೆಯಲ್ಲಿದ್ದೂ ಬಯಾಸ್ ಇನ್ನೂ ಹಳೆಯದೇ ಇದ್ದರೆ ಈ ಲೇಖನ ಪಕ್ಕಕ್ಕಿಟ್ಟು ಮೊದಲು ಅದನ್ನು ಮಾಡಿ. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಸಿಗುವ ‘ಟ್ರೇ’ ಚಿಪ್ಪಿಗೆ ವಾರಂಟಿ ಕೊಡಬೇಕಾದವನು ಮಾರಿದ ಅಂಗಡಿಯವನೇ. ಎಸ್.ಪಿ. ರಸ್ತೆಯಲ್ಲಿ ಐನೂರು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಹಿಗ್ಗುವ ಮೊದಲು ಬಿಲ್ ಕೇಳುವುದು ಒಳ್ಳೆಯದು.

ಶಾಖವೆಂದರೆ ಎಲ್ಲಕ್ಕೂ ಸಾವು ಎನ್ನುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 2007ರಲ್ಲಿ ಗೂಗಲ್‌ನ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್‌ಡಿಸ್ಕ್‌ಗಳ ದಾಖಲೆ ನೋಡಿ, ಉಷ್ಣತೆಗೂ ಡಿಸ್ಕ್ ಸಾವಿಗೂ ತಾವು ನಿರೀಕ್ಷಿಸಿದಷ್ಟು ನಂಟಿಲ್ಲ ಎಂದು ವರದಿ ಮಾಡಿದರು. ತೀರಾ ಬಿಸಿಯಾದ, ಮೂರು ವರ್ಷ ದಾಟಿದ ಡಿಸ್ಕ್‌ಗಳಲ್ಲಿ ಮಾತ್ರ ನಂಟು ಎದ್ದು ಕಂಡಿತ್ತು. ಮೂವತ್ತು ಡಿಗ್ರಿಯ ಕೋಣೆಗೆ ಹೆದರಿ ಏಸಿ ಹಾಕಿಸಬೇಕಾಗಿಲ್ಲ. ನನ್ನ ವಾದ ಅಂಚಿನ ಬಗ್ಗೆ. ಹಳೆಯ ಯಂತ್ರ, ಕಟ್ಟಿದ ಧೂಳು, 40ರ ಕೋಣೆ ಒಟ್ಟಿಗೆ ಬಂದಾಗಿನ ಬಗ್ಗೆ. ಆ ಮೂರೂ ಒಟ್ಟಿಗೆ ಬರುವುದು ಈ ನಾಲ್ಕು ತಾಲ್ಲೂಕುಗಳಲ್ಲಿ ಅಪರೂಪವಲ್ಲ.

ಅಂಚು ಹತ್ತಿರವಾಗುತ್ತಿರುವುದಕ್ಕೂ ದಾಖಲೆಯಿದೆ. 1901ರಿಂದೀಚೆಗೆ ಭಾರತದ ಅತಿ ಬಿಸಿಯ ವರ್ಷ 2024 ಎಂದು ಹವಾಮಾನ ಇಲಾಖೆ ಘೋಷಿಸಿತು. 1991–2020ರ ಸರಾಸರಿಗಿಂತ ಅದು 0.65 ಡಿಗ್ರಿ ಹೆಚ್ಚು. ಅರ್ಧ ಡಿಗ್ರಿ ಚಿಲ್ಲರೆಗೆ ಇಷ್ಟು ಗಲಾಟೆಯೇ ಎನ್ನಿಸೀತು. ಆದರೆ ಸರಾಸರಿ ಅಷ್ಟು ಸರಿದರೆ 40 ದಾಟುವ ದಿನಗಳ ಸಂಖ್ಯೆ ಅದಕ್ಕಿಂತ ಎಷ್ಟೋ ಹೆಚ್ಚಿನ ಪಾಲಿನಲ್ಲಿ ಏರುತ್ತದೆ. ಆರ್‌ಸಿಸಿ ತಾರಸಿ ಹಗಲಿನ ಕಾವನ್ನು ನಡುರಾತ್ರಿಯವರೆಗೆ ಹಿಡಿದಿಟ್ಟುಕೊಳ್ಳುವುದರಿಂದ ರಾತ್ರಿ ಕೂತು ಓದುವವರ ಯಂತ್ರಕ್ಕೂ ಬಿಡುವಿಲ್ಲ. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ ಶುರು, ಮೇ ಕೊನೆಯವರೆಗೂ. ಶಾಲೆಯ ಲ್ಯಾಬ್‌ಗಳು ಉರಿಯ ಕಾಲದಲ್ಲಿ ಬೀಗ ಹಾಕಿಕೊಂಡು ಬಚಾವಾಗುತ್ತವೆ. ಮನೆಯ ಯಂತ್ರ ವರ್ಷದಲ್ಲೇ ಅತಿ ಹೆಚ್ಚು ಓಡುವುದು ಮಾತ್ರ ಆಗಲೇ.

ಬಿಸಿಲಿಗೆ ಸಿಲಿಕಾನ್ ಹೇಗೆ ಬಗ್ಗುತ್ತದೆ ಎಂದು ನೋಡಲು ಪಾವಗಡದವರು ದೂರ ಹೋಗಬೇಕಿಲ್ಲ. ತಿರುಮಣಿ ಸುತ್ತಲಿನ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಹರಡಿದೆ. ಪ್ಯಾನೆಲ್‌ನ ಸಾಮರ್ಥ್ಯವನ್ನು ಅಳೆಯುವುದು ಕೋಶ 25 ಡಿಗ್ರಿ ಇರುವಾಗ. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ ಸಾಮಾನ್ಯ ಸಿಲಿಕಾನ್ ಪ್ಯಾನೆಲ್ ನೂರಕ್ಕೆ ಸುಮಾರು 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಬೇಸಿಗೆಯ ನಡುಹಗಲು ಕೋಶ 60 ಡಿಗ್ರಿಯಾದರೆ ನೂರಕ್ಕೆ 14ರಷ್ಟು ಕಡಿತ. ಸೌರ ಪಾರ್ಕ್ ಕಟ್ಟುವ ಎಂಜಿನಿಯರರು ಈ ಕಡಿತವನ್ನು ಯೋಜನೆಯ ಕಾಗದದಲ್ಲೇ ಬರೆದಿಡುತ್ತಾರೆ. ಇನ್ವರ್ಟರ್‌ಗಳೂ ಒಂದು ಮಿತಿ ದಾಟಿದರೆ ತಾವೇ ಉತ್ಪಾದನೆ ತಗ್ಗಿಸುವಂತೆ ಇರುತ್ತವೆ. ಧೂಳು ಒರೆಸುವುದಕ್ಕೆಂದೇ ಅಲ್ಲಿ ಆಳುಗಳಿದ್ದಾರೆ. ಬೇಲಿಯ ಈಚೆ, ಅದೇ ಧೂಳು ಅದೇ ಬಿಸಿಲಿನಲ್ಲಿರುವ ಮನೆಯ ಕಂಪ್ಯೂಟರ್‌ಗೆ ಯಾರೂ ಈ ಲೆಕ್ಕ ಹಾಕಿಲ್ಲ.

ಹಾಕುವುದು ಕಷ್ಟವೇನಲ್ಲ. ಮೊದಲು ಬೇಕಾದ ಸಾಧನ ಸ್ಕ್ರೂಡ್ರೈವರ್ ಅಲ್ಲ, ಗೋಡೆಗೆ ತೂಗುಹಾಕುವ ಒಂದು ಥರ್ಮಾಮೀಟರ್. ಜೊತೆಗೆ ಚಿಪ್ಪಿನ ಉಷ್ಣತೆ ತೋರಿಸುವ ಉಚಿತ ತಂತ್ರಾಂಶ. ವಿಂಡೋಸ್‌ನಲ್ಲಾದರೆ ಎಚ್‌ಡಬ್ಲ್ಯು ಇನ್ಫೋ ಅಥವಾ ಕೋರ್ ಟೆಂಪ್, ಲಿನಕ್ಸ್‌ನಲ್ಲಾದರೆ ಎಲ್‌ಎಮ್ ಸೆನ್ಸರ್ಸ್. ಯಂತ್ರಕ್ಕೆ ಇಪ್ಪತ್ತು ನಿಮಿಷ ಭಾರದ ಕೆಲಸ ಕೊಡಿ. ಚಿಪ್ಪಿನ ಉಷ್ಣತೆಯಿಂದ ಕೋಣೆಯದನ್ನು ಕಳೆಯಿರಿ. ಬರುವ ವ್ಯತ್ಯಾಸವನ್ನು ಬರೆದಿಡಿ. ನೋಡಬೇಕಾದದ್ದು ಅದನ್ನೇ. ಡಿಸೆಂಬರ್‌ನಲ್ಲಿ ಕೋಣೆ 22, ಚಿಪ್ 75 ಇತ್ತು, ವ್ಯತ್ಯಾಸ 53. ಏಪ್ರಿಲ್‌ನಲ್ಲಿ ಕೋಣೆ 38, ಚಿಪ್ 91. ವ್ಯತ್ಯಾಸ ಈಗಲೂ 53. ಅಂದರೆ ಯಂತ್ರ ಕೆಟ್ಟಿಲ್ಲ, ಋತು ಬದಲಾಗಿದೆ. ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಪೇಸ್ಟ್ ಬದಲಿಸಿ, ಫ್ಯಾನ್ ಬದಲಿಸಿ ದುಡ್ಡು ಹಾಳು ಮಾಡಬೇಡಿ. ಅದೇ ವ್ಯತ್ಯಾಸ 53ರಿಂದ 65ಕ್ಕೆ ಏರಿದ್ದರೆ ಯಂತ್ರದೊಳಗೇ ಏನೋ ಹಾಳಾಗಿದೆ. ಆಗ ಸ್ಕ್ರೂಡ್ರೈವರ್ ಎತ್ತಿಕೊಳ್ಳಿ. ಕೋಣೆ ಒಂದು ಡಿಗ್ರಿ ಏರಿದರೆ ಚಿಪ್ ಕೂಡ ಸುಮಾರು ಒಂದು ಡಿಗ್ರಿ ಏರುತ್ತದೆ ಎಂಬ ಸರಳ ಸಂಗತಿಯ ಮೇಲೆ ಈ ಪರೀಕ್ಷೆ ನಿಂತಿದೆ. ಬಿಸಿಯಾದಂತೆ ಚಿಪ್ಪಿನಲ್ಲಿ ಸೋರುವ ಕರೆಂಟೂ ತುಸು ಹೆಚ್ಚುವುದರಿಂದ ನಿಜದಲ್ಲಿ ಒಂದಕ್ಕಿಂತ ಕೂದಲೆಳೆ ಜಾಸ್ತಿ. ಮಿತಿ ಮುಟ್ಟಿ ವೇಗ ಇಳಿಸಿಕೊಂಡ ಯಂತ್ರದಲ್ಲಿ ಮಾತ್ರ ಈ ಕಳೆಯುವ ಲೆಕ್ಕ ಮೋಸ ಮಾಡುತ್ತದೆ. ಅಲ್ಲಿ ಉಷ್ಣತೆ ಆ ಮಿತಿಗೇ ನಿಂತುಬಿಟ್ಟಿರುತ್ತದೆ, ಆಗ ಗಡಿಯಾರದ ವೇಗ ಎಷ್ಟಕ್ಕಿಳಿದಿದೆ ಎಂದು ನೋಡಬೇಕು.

ಒಳಗೆ ಏನು ಹಾಳಾಗಿದೆ ಎಂಬುದನ್ನು ಏರುವ ರೀತಿಯೇ ಹೇಳುತ್ತದೆ. ಕೆಲಸ ಶುರು ಮಾಡಿದ ಐದಾರು ಸೆಕೆಂಡಿನಲ್ಲೇ 95, 100ಕ್ಕೆ ಜಿಗಿದರೆ ಶಾಖ ಚಿಪ್ಪಿನಿಂದ ಹೀಟ್‌ಸಿಂಕಿಗೆ ದಾಟುತ್ತಲೇ ಇಲ್ಲ. ಹೊಸದಾಗಿ ಕೂಡಿಸಿದ ಯಂತ್ರದಲ್ಲಿ ಇದಕ್ಕೆ ಎರಡು ಪ್ರಸಿದ್ಧ ಕಾರಣಗಳಿವೆ. ಬೇರೆಯಾಗಿ ಕೊಂಡ ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೇ ಕೂರಿಸಿರುವುದು ಒಂದು. ಇಂಟೆಲ್ ಕೂಲರಿನ ನಾಲ್ಕು ಒತ್ತುಗೂಟಗಳಲ್ಲಿ ಒಂದು ಸರಿಯಾಗಿ ಕಚ್ಚಿಕೊಳ್ಳದಿರುವುದು ಇನ್ನೊಂದು. ಬೋರ್ಡನ್ನು ಹಿಂದಿನಿಂದ ನೋಡಿದರೆ ಕಚ್ಚದ ಗೂಟ ಕಾಣುತ್ತದೆ. ಎದುರುಬದುರು ಮೂಲೆಗಳ ಜೋಡಿಯನ್ನು ಒಟ್ಟಿಗೆ ಒತ್ತಬೇಕು, ಅಕ್ಕಪಕ್ಕದ್ದನ್ನಲ್ಲ. ಬಸ್ಸಿನ ಸೀಟಿನ ಕೆಳಗೆ ಕುಲುಕಾಡಿಕೊಂಡು ಊರಿಗೆ ಬಂದ ಯಂತ್ರದಲ್ಲಿ ಬೆಂಗಳೂರಿನಲ್ಲಿ ಸರಿಯಿದ್ದ ಗೂಟವೇ ಸಡಿಲಾಗಿರಬಹುದು.

ನಾಲ್ಕೈದು ವರ್ಷದ ಯಂತ್ರವಾದರೆ ಗುಮಾನಿ ಪೇಸ್ಟ್ ಮೇಲೆ. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಲ್ಲಿ ಗಾಳಿ ಕೂತಿರುತ್ತದೆ. ಶಾಖ ಸಾಗಿಸುವುದರಲ್ಲಿ ತಾಮ್ರ 400 ಎಂದರೆ ನಿಂತ ಗಾಳಿ 0.03ಕ್ಕಿಂತ ಕಡಿಮೆ. ಆ ಸಂದಿಯನ್ನು ತುಂಬುವ ಪೇಸ್ಟ್ 4ರಿಂದ 10ರ ಆಸುಪಾಸು. ದಿನವೂ ಬಿಸಿಯಾಗಿ ತಣ್ಣಗಾಗುವಾಗ ಲೋಹ ಹಿಗ್ಗಿ ಕುಗ್ಗಿ ಪೇಸ್ಟನ್ನು ಅಂಚಿಗೆ ದೂಡುತ್ತದೆ, ಉಳಿದದ್ದು ಒಣಗುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಪೂರ್ತಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಇಟ್ಟು ಒತ್ತಿದರೆ ಸಾಕು. ದೋಸೆಗೆ ಎಣ್ಣೆ ಸುರಿದಂತೆ ಸುರಿಯುವವರಿದ್ದಾರೆ. ಹೆಚ್ಚಾದದ್ದು ಅಂಚಿನಿಂದ ಹೊರಬರುವುದಷ್ಟೇ, ತಂಪು ಹೆಚ್ಚುವುದಿಲ್ಲ.

ಉಷ್ಣತೆ ಜಿಗಿಯದೆ, ಹತ್ತು ಹದಿನೈದು ನಿಮಿಷದಲ್ಲಿ ಮೆಲ್ಲಗೆ ಏರುತ್ತ ಹೋದರೆ ತಪ್ಪು ಗಾಳಿಯದು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಮತ್ತೆ ಓಡಿಸಿ. ಆರೇಳು ಡಿಗ್ರಿ ಇಳಿಯಿತೆಂದರೆ ಪೆಟ್ಟಿಗೆಗೆ ಉಸಿರುಗಟ್ಟಿದೆ ಎಂದರ್ಥ. ಮುಂದೆ ಒಳಗೆಳೆಯುವ ಒಂದು, ಹಿಂದೆ ಹೊರದೂಡುವ ಒಂದು, ಎರಡು 120 ಮಿ.ಮೀ. ಫ್ಯಾನ್‌ಗಳು ಸಾವಿರ ರೂಪಾಯಿಯೊಳಗೇ ಸಿಗುತ್ತವೆ. ಮುಂಭಾಗ ಪೂರ್ತಿ ಗಾಜು ಇರುವ, ಬಣ್ಣಬಣ್ಣದ ದೀಪದ ಕ್ಯಾಬಿನೆಟ್‌ಗಳು ನೋಡಲು ಚೆಂದ. ಪಾವಗಡಕ್ಕೆ ಮಾತ್ರ ಜಾಲರಿ ಮುಖದ್ದೇ ಸರಿ. ಧೂಳು ಬರದಿರಲೆಂದು ಬಟ್ಟೆ ಹೊದಿಸಿಟ್ಟ ಕ್ಯಾಬಿನೆಟ್ಟನ್ನು ಹಾಗೆಯೇ ಆನ್ ಮಾಡುವ ರೂಢಿಯಂತೂ ಬಿಡಲೇಬೇಕು.

ಧೂಳಿನ ಮಾತು. ಶೇಂಗಾ ಸೀಮೆಯ ಒಣ ನೆಲದಿಂದ ಏಳುವ ನುಣುಪು ಧೂಳು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ, ಫ್ಯಾನಿನ ಅಡಿಗೆ, ಮೇಲಿನಿಂದ ಕಾಣದಂತೆ ಕಂಬಳಿಯಾಗಿ ಕೂರುತ್ತದೆ. ಅಡುಗೆಮನೆ ಹತ್ತಿರವಿದ್ದರೆ ಒಗ್ಗರಣೆಯ ಜಿಡ್ಡು ಸೇರಿ ಬ್ಲೋವರ್‌ಗೂ ಹಾರದಂತೆ ಅಂಟುತ್ತದೆ. ಫ್ಯಾನ್ ಬಿಚ್ಚಿಯೇ ತೆಗೆಯಬೇಕು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಅತಿ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ನೀರಿನ ಏರ್‌ಕೂಲರ್ ಈ ಒಣ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕೋಣೆಯನ್ನು ಇಳಿಸುವ ಅಗ್ಗದ ದಾರಿಯೂ ಹೌದು. ಆದರೆ ಅದರ ಮುಖ ನೇರ ಯಂತ್ರದ ಕಡೆ ಬೇಡ. ಗಡಸು ಬೋರ್‌ವೆಲ್ ನೀರಿನ ಹನಿ ಹಾರಿ ಬೋರ್ಡಿನ ಮೇಲೆ ಆರಿದರೆ ಉಪ್ಪಿನ ಬಿಳಿ ಪದರ ಉಳಿಯುತ್ತದೆ.

ಏನೂ ಕೆಲಸ ಕೊಡದಿದ್ದರೂ ಬಿಸಿಯಾಗಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಪುಕ್ಕಟೆ ಎಂದು ಇಳಿಸಿಕೊಂಡ ಕಳ್ಳ ತಂತ್ರಾಂಶದೊಳಗೆ ಕ್ರಿಪ್ಟೊ ನಾಣ್ಯ ಅಗೆಯುವ ಪ್ರೋಗ್ರಾಂ ಕೂತಿರುವುದುಂಟು. ಆಗ ಮಾತ್ರ ‘ವೈರಸ್ ಇರಬೇಕು’ ಎಂದವರ ಮಾತು ನಿಜ.

ಇನ್ನು, ಎಲ್ಲ ಸರಿಯಿದ್ದೂ ಋತುವೇ ಶತ್ರುವಾದಾಗ ಉಳಿಯುವ ದಾರಿ ಚಿಪ್ಪಿನ ಹಸಿವನ್ನು ಕಡಿಮೆ ಮಾಡುವುದು. ನನ್ನ ಮಟ್ಟಿಗೆ ಇದೇ ಅತ್ಯಂತ ಉಪೇಕ್ಷಿತ ಉಪಾಯ, ಖರ್ಚೂ ಇಲ್ಲ. ಐ5-12400ರ ವಿವರದಲ್ಲಿ ಮೂಲ ಶಕ್ತಿ 65 ವ್ಯಾಟ್ ಎಂದಿದೆ, ವೇಗ ಏರಿಸಿಕೊಳ್ಳುವ ಟರ್ಬೊದಲ್ಲಿ ಅದೇ ಚಿಪ್ 117ರವರೆಗೆ ಹೋಗಬಲ್ಲದು. 2023ರಲ್ಲಿ ಬಂದ ಐ9-14900ಕೆ ಟರ್ಬೊದಲ್ಲಿ 253 ವ್ಯಾಟ್. 2011ರ ಮೇಲ್ದರ್ಜೆಯ ಐ7-2600ಕೆ 95 ವ್ಯಾಟ್‌ನ ಚಿಪ್ಪಾಗಿತ್ತು ಎಂಬುದನ್ನು ನೆನೆದರೆ ಹನ್ನೆರಡು ವರ್ಷದಲ್ಲಿ ಬಿಸಿಲೂ ಚಿಪ್ಪೂ ಒಂದೇ ದಿಕ್ಕಿಗೆ ಓಡಿವೆ. ಹಲವು ಮದರ್‌ಬೋರ್ಡ್‌ಗಳು ವೇಗದ ಪೈಪೋಟಿಯಲ್ಲಿ ಈ ಮಿತಿಗಳನ್ನು ಸಡಿಲಿಸಿಯೇ ಬರುತ್ತವೆ. ಬಯಾಸ್‌ನಲ್ಲಿ ದೀರ್ಘಾವಧಿ ಶಕ್ತಿಮಿತಿಯನ್ನು 65 ವ್ಯಾಟ್‌ಗೆ ಕಟ್ಟಿಹಾಕಬಹುದು. ಎಎಮ್‌ಡಿಯಲ್ಲಿ ಇದಕ್ಕೆಂದೇ ಇಕೋ ಮೋಡ್ ಇದೆ. ಬಯಾಸ್ ಮುಟ್ಟಲು ಅಂಜುವವರು ವಿಂಡೋಸ್‌ನ ಪವರ್ ಆಯ್ಕೆಯಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ನಿಲ್ಲುತ್ತದೆ. ವೇಗದ ಕೊನೆಯ ತುಣುಕಿಗೆ ಚಿಪ್ ಅತಿ ಹೆಚ್ಚು ವೋಲ್ಟೇಜ್ ಸುರಿಯುತ್ತದೆ, ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಆ ತುಣುಕು ಬಿಟ್ಟುಕೊಟ್ಟರೆ ಓದು, ಬರಹ, ಕೋಡಿಂಗ್ ಕಲಿಯುವ ಹುಡುಗಿಗೆ ವ್ಯತ್ಯಾಸ ತಿಳಿಯದು. ಅಗ್ಗದ ಎಚ್610, ಎ520 ಬೋರ್ಡ್‌ಗಳಲ್ಲಿ ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ಭಾಗಕ್ಕೆ ಎಷ್ಟೋ ಸಲ ಹೀಟ್‌ಸಿಂಕೇ ಇರುವುದಿಲ್ಲ. ಈ ಮಿತಿ ಅದನ್ನೂ ಕಾಪಾಡುತ್ತದೆ.

ಹೊಸದಾಗಿ ಕೊಳ್ಳುವವರಿಗೆ ಒಂದು ಗೊಂದಲ ಎದುರಾಗುತ್ತದೆ. ರೈಜನ್ 7000 ಸರಣಿಯ ದೊಡ್ಡ ಚಿಪ್‌ಗಳು 95 ಡಿಗ್ರಿಗೆ ಹೋಗಿ ಅಲ್ಲೇ ನಿಲ್ಲುವಂತೆಯೇ ರಚನೆಯಾಗಿವೆ, ಹಾಗೆ ಓಡುವುದು ಸುರಕ್ಷಿತ ಎಂದು ಎಎಮ್‌ಡಿ ಹೇಳಿದೆ. ಚಿಪ್ಪಿಗೆ ಅದು ಸರಿಯಿರಬಹುದು. ಆದರೆ ಆ ಶಾಖವೆಲ್ಲ ಹೋಗುವುದು ಅದೇ ಪೆಟ್ಟಿಗೆಗೆ, ಪಕ್ಕದ ಕೆಪಾಸಿಟರ್‌ಗೆ, ಎಸ್‌ಎಸ್‌ಡಿಗೆ, ಕೊನೆಗೆ ಹತ್ತಡಿ ಉದ್ದದ ಕೋಣೆಗೆ. 150 ವ್ಯಾಟ್ ಎಳೆಯುವ ಯಂತ್ರ ಕೋಣೆಗೆ 150 ವ್ಯಾಟ್‌ನ ಹೀಟರ್ ಕೂಡ ಹೌದು. ಕಿಟಕಿ ಮುಚ್ಚಿ ಕೂತವರಿಗೆ ಅದು ತಾವೇ ಹೆಚ್ಚಿಸಿಕೊಂಡ ಬೇಸಿಗೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪಕಗಳು ಹೋಬಳಿ ಹೋಬಳಿಯಲ್ಲೂ ಇವೆ. ನಮ್ಮ ಊರಿನ ಗಾಳಿ ಎಷ್ಟು ಕಾದಿದೆ ಎಂದು ತಿಳಿಯುವುದು ಈಗ ಸುಲಭ. ಪೆಟ್ಟಿಗೆಯೊಳಗೆ ಎಷ್ಟು ಎಂದು ಬರೆದಿಡುವವರು ಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಪೇಟೆಗಳಲ್ಲಿ ಯಂತ್ರ ಕೂಡಿಸಿಕೊಡುವ ಅಂಗಡಿಯವರು ಒಂದು ಕೆಲಸ ಮಾಡಬಹುದು. ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಿ ಇಪ್ಪತ್ತು ನಿಮಿಷ ಓಡಿಸಿ, ಕೋಣೆಯ ಉಷ್ಣತೆ, ಚಿಪ್ಪಿನ ಉಷ್ಣತೆ, ಪೇಸ್ಟ್ ಹಾಕಿದ ದಿನಾಂಕ ಬರೆದ ಚೀಟಿಯೊಂದನ್ನು ಕ್ಯಾಬಿನೆಟ್ಟಿನ ಒಳಬಾಗಿಲಿಗೆ ಅಂಟಿಸಬಹುದು. ಅಂಗಡಿಯವರು ಮಾಡದಿದ್ದರೆ ಮನೆಯವರೇ ಮಾಡಲಿ, ಫೆಬ್ರವರಿಯೊಳಗೆ. ಏಪ್ರಿಲ್‌ನಲ್ಲಿ ಯಂತ್ರ ತಡವರಿಸಿದಾಗ ಆ ಮೂರು ಅಂಕಿಗಳಿದ್ದರೆ ಫಾರ್ಮ್ಯಾಟ್ ಬೇಕೋ, ಪೇಸ್ಟ್ ಬೇಕೋ, ಮಧ್ಯಾಹ್ನ ಎರಡು ಗಂಟೆ ಆಫ್ ಮಾಡಿದರೆ ಸಾಕೋ ಎಂದು ಐದು ನಿಮಿಷದಲ್ಲಿ ಹೇಳಬಹುದು.